ರೀಲು ತೊಳೆದವಳು

ಶರ್ಮಿಳಾಳ ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂಬುದು ಬಂದರಿನ ಐಸ್ ಪ್ಲಾಂಟಿನಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಕಿಟಕಿಯ ಹಿಂದೆ ಕುಳಿತು ಬೋಟುಗಳಿಗೆ ಐಸಿನ ಚೀಟಿ ಹರಿದು ಕೊಡುವುದು ಅವಳ ಕೆಲಸ. ಸರದಿ ತಪ್ಪಿಸಿ ಕೈಚಾಚಿದವನು ಬೋಟಿನ ಧಣಿಯೇ ಆಗಿರಲಿ, ಅವಳ ಬಾಯಿಯಿಂದ ಎರಡು ಮಾತು ಕೇಳಿಸಿಕೊಂಡೇ ಹಿಂದೆ ಹೋಗಬೇಕು. ಆದರೆ ಆ ಶನಿವಾರ ಬೆಳಿಗ್ಗೆ ಲೋಡಿಂಗಿನ ಲೋಕನಾಥ ಪೇಪರು ತಂದು ಅವಳ ಮೇಜಿನ ಮೇಲೆ ಹರಡಿದಾಗ ಬಂದ ಕೋಪ ಬಾಯಿಗೆ ಬರಲೇ ಇಲ್ಲ. ಅದು ಗಂಟಲಿನಿಂದ ಕೆಳಗಿಳಿದು ಹೊಟ್ಟೆಯಲ್ಲಿ ಕುಳಿತುಕೊಂಡಿತು.

ಪೇಪರಿನ ಮೂರನೇ ಪುಟದಲ್ಲಿ, ಕಾಲು ಪುಟದಷ್ಟು ದೊಡ್ಡದಾಗಿ, ಅವಳ ಅಮ್ಮ ಸ್ವರ್ಣಲತಾ ಇದ್ದಳು. ಬಂದರಿನ ಹಳೆ ಮೀನು ಶೆಡ್ಡು, ಎದುರಿನ ಮಣೆಯ ಮೇಲೆ ಒಂದು ಅಂಜಲ್ ಮೀನು, ಎತ್ತಿದ ಕೈಯಲ್ಲಿ ಕತ್ತಿ, ಚೌಕಾಸಿ ಮಾಡಿದ ಯಾರಿಗೋ ಬೈಯಲು ತೆರೆದ ಬಾಯಿ. ಮಾಡಿನ ಒಡೆದ ಶೀಟಿನಿಂದ ಇಳಿದ ಬೆಳಕು ಅರ್ಧ ಮುಖಕ್ಕೆ ಮಾತ್ರ ಬಿದ್ದಿತ್ತು. ಬಣ್ಣವಿಲ್ಲದ, ಕಪ್ಪು ಬಿಳುಪು ಫೋಟೋ. ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ, ದೇರೆಬೈಲಿನಲ್ಲಿ ಫಿಲ್ಮ್ ಛಾಯಾಚಿತ್ರಗಳ ಪ್ರದರ್ಶನ ಆರಂಭ, ಚಿತ್ರ: ತುಷಾರ್ ಎಂದಿತ್ತು.

ಲೋಕನಾಥನಿಗೆ ಸಂತೋಷವೋ ಸಂತೋಷ. ನಮ್ಮ ಸ್ವರ್ಣಕ್ಕ ಪೇಪರಿನಲ್ಲಿ ಬಂದರಲ್ಲ, ಈ ತುಷಾರ್ ಯಾರೋ ಭಾರೀ ಒಳ್ಳೆ ಕೈ ಇರುವವನು ಎಂದು ಹೊಗಳಿ, ಪೇಪರನ್ನು ಮಡಚಿ ಅವಳಿಗೇ ಕೊಟ್ಟು ಹೋದ.

ಆ ಫೋಟೋ ತೆಗೆದದ್ದು ಶರ್ಮಿಳಾ. ಕಳೆದ ನವೆಂಬರಿನಲ್ಲಿ, ಬೆಳಿಗ್ಗೆ ಆರೂವರೆಗೆ, ಮೀನಿನ ಖಾಲಿ ಪೆಟ್ಟಿಗೆಯೊಂದರ ಮೇಲೆ ಹತ್ತಿ ನಿಂತು, ಉಸಿರು ಕಟ್ಟಿ ತೆಗೆದದ್ದು. ಪೆಟ್ಟಿಗೆ ಜಾರಿ ಮೊಣಕಾಲು ತರಚಿದ ಗುರುತು ಇನ್ನೂ ಇದೆ. ಕೆಲಸಕ್ಕೆ ಹೋಗುವ ಮೊದಲಿನ ಅರ್ಧ ಗಂಟೆಯನ್ನು ಅವಳು ತಿಂಗಳುಗಟ್ಟಲೆ ಆ ಶೆಡ್ಡಿನಲ್ಲಿ ಕಳೆದಿದ್ದಳು. ತುಷಾರ್ ಎಂಬ ಮನುಷ್ಯ ಆ ಶೆಡ್ಡಿನೊಳಗೆ ಒಂದು ದಿನವೂ ಕಾಲಿಟ್ಟವನಲ್ಲ. ಕಾಲಿಟ್ಟಿದ್ದರೆ ಅವನ ಬಿಳಿ ಶೂ ಹಾಗೇ ಇರುತ್ತಿರಲಿಲ್ಲ.

ತುಷಾರನ ಮನೆಯವರದ್ದು ಹೋಟೆಲುಗಳ ವ್ಯಾಪಾರ. ದೇರೆಬೈಲಿನ ದೊಡ್ಡ ಮನೆಯ ಕೆಳ ಅಂತಸ್ತಿನಲ್ಲಿ ಅವನೊಂದು ಫಿಲ್ಮ್ ಕ್ಲಬ್ಬು ನಡೆಸುತ್ತಿದ್ದ. ಹದಿನೈದು ದಿನಕ್ಕೊಮ್ಮೆ ಭಾನುವಾರ ಅಲ್ಲಿ ಸುರತ್ಕಲ್ಲಿನ ಎಂಜಿನಿಯರಿಂಗ್ ಹುಡುಗರು, ಒಬ್ಬಳು ಹಲ್ಲಿನ ಡಾಕ್ಟರು, ಮನೆ ನಕ್ಷೆ ಮಾಡುವ ಒಬ್ಬರು, ಹೀಗೆ ಹತ್ತು ಹನ್ನೆರಡು ಮಂದಿ ಹಳೆ ಕ್ಯಾಮೆರಾ ನೇತುಹಾಕಿಕೊಂಡು ಸೇರುತ್ತಿದ್ದರು. ಶರ್ಮಿಳಾ ಅಲ್ಲಿಗೆ ಸೇರಿದ್ದು ಒಂದೂವರೆ ವರ್ಷದ ಹಿಂದೆ. ಬಂದರಿನಲ್ಲಿ ಆಫೀಸು ಕೆಲಸ ಎಂದಷ್ಟೇ ಪರಿಚಯ ಹೇಳಿಕೊಂಡಿದ್ದಳು. ತುಷಾರ್ ಎಲ್ಲರನ್ನೂ ‘ನೀವು’ ಎಂದೇ ಮಾತಾಡಿಸುವವನು, ಏರುದನಿ ಗೊತ್ತಿಲ್ಲದವನು. ಅಂಥವರ ಮೇಲೆ ಕೋಪ ತೀರಿಸಿಕೊಳ್ಳುವುದು ಎಷ್ಟು ಕಷ್ಟವೆಂದು ಕೋಪಿಷ್ಠರಿಗೆ ಮಾತ್ರ ಗೊತ್ತು.

ಕ್ಲಬ್ಬಿನವರು ತೆಗೆದ ರೀಲುಗಳನ್ನೆಲ್ಲ ಮದ್ದಿನಲ್ಲಿ ತೊಳೆದು ಚಿತ್ರ ಮೂಡಿಸುವುದು ತುಷಾರನೇ. ರೀಲು ತೊಳೆಯಲು ಅಲ್ಲೊಂದು ಏಸಿ ಹಾಕಿದ ಕತ್ತಲ ಕೋಣೆ ಇತ್ತು. ತೊಳೆದ ನೆಗೆಟಿವ್‌ಗಳು ಅಲ್ಲಿಯ ಫೈಲಿನಲ್ಲೇ ಉಳಿಯಬೇಕು, ತೆಗೆದವರಿಗೆ ಮೊಬೈಲಿಗೆ ಬರುವ ಪ್ರತಿ ಮಾತ್ರ ಎಂಬುದು ಅವನ ನಿಯಮ. ಸೇರುವಾಗ ಶರ್ಮಿಳಾ ಅದಕ್ಕೆ ತಲೆಯಾಡಿಸಿದ್ದಳು. ಆಗ ನೆಗೆಟಿವ್ ಎಂದರೆ ಏನೆಂದೇ ಅವಳಿಗೆ ಸರಿಯಾಗಿ ಗೊತ್ತಿರಲಿಲ್ಲ.

ಶನಿವಾರ ಸಂಜೆಯೇ ಅವಳು ದೇರೆಬೈಲಿಗೆ ಹೋದಳು. ಮುಂದಿನ ಕೋಣೆಯ ಗೋಡೆಯಲ್ಲಿ ಅಮ್ಮನ ಫೋಟೋ ಆಳೆತ್ತರ ತೂಗುತ್ತಿತ್ತು. ಕೆಳಗಿನ ಪಟ್ಟಿಯಲ್ಲಿ ತುಷಾರನ ಲ್ಯಾಬಿನ ಹೆಸರು ಬಿಟ್ಟರೆ ಬೇರೆ ಯಾರ ಹೆಸರೂ ಇರಲಿಲ್ಲ. ಪೇಪರಿನವರು ತಪ್ಪಾಗಿ ಹಾಕಿದ್ದಾರೆ ಎಂದು ತುಷಾರ್ ತಾನಾಗಿಯೇ ಹೇಳಿದ. ಹಾಗಾದರೆ ಗೋಡೆಯ ಮೇಲೆ ಹಾಕಿದ್ದು ಯಾರು ಎಂದು ಅವಳು ಕೇಳಿದಳು. ಅವನು ಸಿಟ್ಟಾಗಲಿಲ್ಲ. ಕ್ಲಾಸು ತೆಗೆದುಕೊಳ್ಳುವಾಗಿನ ಅದೇ ತಣ್ಣನೆಯ ದನಿಯಲ್ಲಿ ವಿವರಿಸಿದ.

“ನೋಡಿ ಶರ್ಮಿಳಾ, ಬಟನ್ ಒತ್ಲಿಕ್ಕೆ ಯಾರಿಗೂ ಬರ್ತದೆ. ಫೋಟೋ ಆಗುದು ಡಾರ್ಕ್‌ರೂಮಿನಲ್ಲಿ. ನಿಮ್ಮ ರೋಲಿನಲ್ಲಿ ಮೂವತ್ತಾರು ಉಂಟು, ಅದರಲ್ಲಿ ಇದನ್ನು ಹೆಕ್ಕಿದ್ದು ನಾನು, ಆ ಮುಖದ ಮೇಲೆ ಬೆಳಕು ತಂದದ್ದು ನಾನು. ನಿಮಗೆ ಅದು ಬರುದಿಲ್ಲಲ್ಲಾ?”

ಅವಳು ನೆಗೆಟಿವ್ ಕೊಡಿ ಎಂದಳು. ಅವಳ ಮನೆಯಿರುವ ಪಣಂಬೂರಿನ ಉಪ್ಪು ಗಾಳಿಗೆ ಅದು ಆರು ತಿಂಗಳಲ್ಲಿ ಬೂಷ್ಟು ಹಿಡಿಯುತ್ತದೆ, ಕೊಟ್ಟರೆ ಕೊಂದ ಹಾಗೆ ಎಂದ. ಡೆವಲಪರ್ ಇಪ್ಪತ್ತು ಡಿಗ್ರಿಯಲ್ಲಿರಬೇಕು, ಈ ಊರಲ್ಲಿ ನಲ್ಲಿ ತಿರುಗಿಸಿದರೆ ಬರುವುದೇ ಮೂವತ್ತೆರಡು ಡಿಗ್ರಿಯ ನೀರು, ಏಸಿಯಿಲ್ಲದ ಮನೆಯಲ್ಲಿ ಯಾರಿಗೂ ಸಾಧ್ಯವಿಲ್ಲ ಎಂದ. ಕೊನೆಗೆ ನಗುತ್ತಲೇ, ಒಂದು ರೋಲು ಸ್ವಂತ ತೊಳೆದು ತನ್ನಿ, ಆಮೇಲೆ ನೆಗೆಟಿವಿನ ವಿಷಯ ಮಾತಾಡುವ ಎಂದು ಬಾಗಿಲಿನವರೆಗೆ ಬಂದು ಬೀಳ್ಕೊಟ್ಟ. ಆ ನಗು ಬಸ್ಸಿನಲ್ಲಿ ಕೂಳೂರು ದಾಟುವ ತನಕ ಅವಳ ಮೈ ಉರಿಸಿತು.

ಮನೆಗೆ ಬಂದರೆ ಅಲ್ಲಿ ಇನ್ನೊಂದು ಕತೆ. ಸ್ವರ್ಣಲತಾ ಪೇಪರಿನ ಫೋಟೋ ಕತ್ತರಿಸಿ ಕ್ಯಾಲೆಂಡರಿನ ಪಕ್ಕ ಅಂಟಿಸಿದ್ದಳು. ಬಂದರಿನ ಶೆಡ್ಡನ್ನು ಫೆಬ್ರವರಿಯಲ್ಲಿ ಕೆಡವಿದ ಮೇಲೆ ಅವಳು ಬೈಕಂಪಾಡಿಯ ರಸ್ತೆ ಬದಿಯಲ್ಲಿ ಬುಟ್ಟಿ ಇಟ್ಟು ಕುಳಿತುಕೊಳ್ಳುತ್ತಿದ್ದಳು. ಅಲ್ಲಿ ಬಂದ ಗಿರಾಕಿಗಳಿಗೆಲ್ಲ ಪೇಪರು ತೋರಿಸಿ, ಇದು ನನ್ನ ಮಗಳು ತೆಗೆದ ಫೋಟೋ ಎಂದು ಹೇಳಿದ್ದಳಂತೆ. ಕೆಳಗೆ ಬೇರೆ ಹೆಸರುಂಟಲ್ಲ ಎಂದು ಒಬ್ಬ ಕೇಳಿದ್ದಕ್ಕೆ, ಪೇಪರಿನವರಿಗೆ ಎಂತ ಗೊತ್ತು ಎಂದು ಅವನಿಗೇ ಬೈದು ಕಳಿಸಿದ್ದಳಂತೆ. ಅದನ್ನು ಕೇಳಿ ಶರ್ಮಿಳಾಳ ಕೋಪಕ್ಕೆ ತುಪ್ಪ ಸುರಿದ ಹಾಗಾಯಿತು. ಮಾಡಿಯೇ ತೋರಿಸುತ್ತೇನೆ ಎಂದು ಹಲ್ಲು ಕಚ್ಚಿದಳು.

ತೊಳೆಯಲು ಅವಳ ಹತ್ತಿರ ಒಂದು ರೀಲು ಇತ್ತು. ಜನವರಿಯ ಕೊನೆಯ ವಾರ ತೆಗೆದದ್ದು. ಶೆಡ್ಡು ಕೆಡವುವ ಮೊದಲಿನ ಮೂರು ದಿನ, ಹೆಂಗಸರು ತಮ್ಮ ಮಣೆ, ಕತ್ತಿ, ತಕ್ಕಡಿ ಕಟ್ಟುತ್ತಿದ್ದ ಹೊತ್ತು, ಅಮ್ಮ ಮೂವತ್ತು ವರ್ಷ ಕುಳಿತ ಜಾಗಕ್ಕೆ ಕೊನೆಯ ಬಾರಿ ನೀರು ಹೊಯ್ದು ತೊಳೆದ ಹೊತ್ತು, ಎಲ್ಲವೂ ಅದರೊಳಗಿತ್ತು. ಆಮೇಲೆ ಕ್ಲಬ್ಬಿಗೆ ಹೋಗಲು ಭಾನುವಾರ ಸಿಕ್ಕಿರಲಿಲ್ಲ, ರೀಲು ಕಪಾಟಿನಲ್ಲೇ ಉಳಿದಿತ್ತು. ಈಗ ಆ ಜಾಗದಲ್ಲಿ ತಗಡಿನ ಬೇಲಿ, ಬೇಲಿಯ ಮೇಲೆ ಬರಲಿರುವ ಕಟ್ಟಡದ ಬಣ್ಣದ ಚಿತ್ರ.

ತೊಳೆಯುವ ಡಬ್ಬಿ ಮತ್ತು ಥರ್ಮಾಮೀಟರು ಕೊಟ್ಟದ್ದು ಸುರತ್ಕಲ್ಲಿನ ಇಸಿದೋರ್. ಸ್ಟುಡಿಯೋ ಮುಚ್ಚಿ ಹದಿನೈದು ವರ್ಷ ಕಳೆದ ಮುದುಕ. ಅವಳ ಕ್ಯಾಮೆರಾ ಕೂಡ ಅವರದ್ದೇ. ಡೆವಲಪರ್ ಮತ್ತು ಹೈಪೋ ಎಂಬ ಎರಡು ಪುಡಿಗಳು ಕೊರಿಯರಿನಲ್ಲಿ ಬಂದವು. ಮೊದಲನೆಯದು ಚಿತ್ರ ಮೂಡಿಸಲು, ಎರಡನೆಯದು ಮೂಡಿದ್ದು ಅಳಿಯದ ಹಾಗೆ ನಿಲ್ಲಿಸಲು. ಇಸಿದೋರ್ ಡಬ್ಬಿ ಕೊಡುವಾಗ ಒಂದೇ ಮಾತನ್ನು ಮೂರು ಸಲ ಹೇಳಿದರು.

“ಮೊದಲು ಯಾವುದಾದ್ರೂ ಬೇಡದ ರೀಲಿನಲ್ಲಿ ಕೈ ಪಳಗಿಸು ಮಗಾ. ಬೇಕಾದದ್ದನ್ನು ಮುಟ್ಬೇಡ.”

ಅಂಕಲ್, ಆಯ್ತು ಎಂದಳು. ಕೋಪದಲ್ಲಿರುವವರು ‘ಆಯ್ತು’ ಎನ್ನುವುದಕ್ಕೆ ಅರ್ಥವೇ ಇಲ್ಲ. ಬೇಡದ ರೀಲು ತೆಗೆದು, ತೊಳೆದು, ಕಲಿತು, ಆಮೇಲೆ ಬೇಕಾದದ್ದಕ್ಕೆ ಕೈಹಾಕುವಷ್ಟು ತಾಳ್ಮೆ ಅವಳಿಗೆಲ್ಲಿಂದ ಬರಬೇಕು? ಪ್ರದರ್ಶನ ಇರುವುದೇ ಎರಡು ವಾರ. ತುಷಾರನ ಮೇಜಿನ ಮೇಲೆ ಶೆಡ್ಡಿನ ರೀಲನ್ನೇ ಬಡಿಯಬೇಕು, ಇಂಥದ್ದು ನಿನ್ನ ಏಸಿ ಕೋಣೆಯಲ್ಲಿ ಹುಟ್ಟಿದ್ದುಂಟಾ ಎಂದು ಕೇಳಬೇಕು. ಆ ಒಂದು ಮಾತಿಗಾಗಿ ಅವಳು ಮೂವತ್ತಾರು ಚಿತ್ರಗಳನ್ನು ಪಣಕ್ಕಿಟ್ಟಳು.

ಎಂಟು ದಿನದ ಮೇಲೆ ಭಾನುವಾರ ಮಧ್ಯಾಹ್ನ ಬಚ್ಚಲ ಕೋಣೆಯ ಕಿಟಕಿಗೆ ರಟ್ಟು ಬಡಿದು, ಬಾಗಿಲ ಸಂದಿಗೆ ಟಾರ್ಪಾಲು ತುರುಕಿದಳು. ಮಾಡಿನಲ್ಲಿದ್ದ ಗಾಜಿನ ಹೆಂಚಿಗೆ ಮೇಲಿನಿಂದ ಗೋಣಿ ಹಾಸಿಸಿದ್ದಳು. ಆ ಕತ್ತಲಲ್ಲಿ ರೀಲನ್ನು ಬರೀ ಕೈಯಂದಾಜಿನಿಂದ ಸುರುಳಿಗೆ ಸುತ್ತಿ ಡಬ್ಬಿಯೊಳಗೆ ಮುಚ್ಚಬೇಕು. ಬೆವರು ಧಾರಾಕಾರ. ಎರಡು ಸಲ ತಪ್ಪಿತು, ಮೂರನೆಯ ಸಲ ಸರಿಯಾಗಿ ಕುಳಿತಿತು. ಡಬ್ಬಿ ಮುಚ್ಚಿದ ಮೇಲೆ ಬೆಳಕಿಗೆ ಬಂದರೂ ಅಡ್ಡಿಯಿಲ್ಲ. ಅವಳು ಅಂಗಳದ ಬಾವಿಕಟ್ಟೆಗೆ ಬಂದು, ಗೆದ್ದೆ ಎಂದುಕೊಂಡಳು.

ಡೆವಲಪರ್ ಪುಡಿ ಕರಗಲು ಬಿಸಿನೀರು ಬೇಕು, ಕರಗಿದ ಮೇಲೆ ಇಪ್ಪತ್ತು ಡಿಗ್ರಿಗೆ ಇಳಿಯಬೇಕು. ಏಸಿಯವರಿಗೆ ಅದೊಂದು ಚಿಂತೆ ಇರಬಹುದು. ಐಸ್ ಪ್ಲಾಂಟಿನವಳಿಗೆ ಎಂತ ಚಿಂತೆ? ಹಿಂದಿನ ದಿನವೇ ಲೋಕನಾಥ ಒಂದು ಪೆಟ್ಟಿಗೆ ಪುಡಿ ಐಸು ತುಂಬಿಸಿ ಕೊಟ್ಟಿದ್ದ. ಅವಳು ಬೊಗಸೆಯಲ್ಲಿ ಐಸು ಬಾಚಿ ಸೀದಾ ಪಾತ್ರೆಯೊಳಗೆ ಸುರಿದಳು. ಬೋಟು ನಿಲ್ಲುವ ದಕ್ಕೆಯಲ್ಲಿ ಮೀನಿಗೆ ಐಸು ಹಾಕುವುದೇ ಹಾಗೆ. ಮೇಲೊಂದು ಪದರ, ಕೆಳಗೊಂದು ಪದರ, ನಡುವೆ ಮೀನು, ಕೈಗೆ ಸಿಕ್ಕಿದಷ್ಟು. ಕಡಿಮೆಯಾದರೆ ಬೈಗುಳ, ಜಾಸ್ತಿಯಾಯಿತೆಂದು ಬೈದವರನ್ನು ಅವಳು ಈ ತನಕ ಕಂಡಿಲ್ಲ.

ಡಬ್ಬಿಗೆ ಡೆವಲಪರ್ ಹೊಯ್ದ ಮೇಲೆ ಹತ್ತು ನಿಮಿಷ ಆಗಾಗ ತಿರುಗಿಸುತ್ತಿರಬೇಕು. ಎರಡೇ ನಿಮಿಷಕ್ಕೆ ಅಂಗಳದ ಬಿಸಿಲಿಗೆ ಡಬ್ಬಿ ಬೆಚ್ಚಗಾದಂತೆ ತೋರಿತು. ಅವಳು ಮೇಲಿನ ಸಣ್ಣ ಬಾಯಿ ತೆರೆದು ಒಂದು ಹಿಡಿ ಐಸು ಒಳಗೆ ಬಿಟ್ಟಳು. ಮತ್ತೆರಡು ನಿಮಿಷಕ್ಕೆ ಇನ್ನೊಂದು ಹಿಡಿ. ಥರ್ಮಾಮೀಟರು ಕಟ್ಟೆಯ ಮೇಲೆ ಬಿದ್ದಿತ್ತು. ಐಸಿನ ಲೆಕ್ಕ ಹೇಳಲು ತನಗೊಂದು ಗಾಜಿನ ಕಡ್ಡಿ ಬೇಕೇ ಎಂಬ ಹಮ್ಮು. ತಿರುಗಿಸುತ್ತಾ ಅವಳು ಮನಸ್ಸಿನಲ್ಲೇ ತುಷಾರನಿಗೆ ಹೇಳಬೇಕಾದ ಮಾತುಗಳನ್ನು ಒಂದೊಂದಾಗಿ ಮಸೆಯುತ್ತಿದ್ದಳು.

ಹೈಪೋ ಆಯಿತು, ನೀರು ಆಯಿತು. ಡಬ್ಬಿ ತೆರೆದು ರೀಲನ್ನು ಆಕಾಶಕ್ಕೆ ಹಿಡಿದಾಗ ಅದರಾಚೆ ತೆಂಗಿನ ಗರಿಗಳು ಸ್ಪಷ್ಟವಾಗಿ ಕಂಡವು. ರೀಲು ಹೆಚ್ಚುಕಡಿಮೆ ಖಾಲಿ. ಕಣ್ಣು ಕಿರಿದು ಮಾಡಿ ಓರೆಯಾಗಿ ಹಿಡಿದರೆ ಅಲ್ಲೊಂದು ನೆರಳು, ಇಲ್ಲೊಂದು ಗೆರೆ. ಬಗ್ಗಿ ನೆಲ ತೊಳೆಯುವ ಒಂದು ಬೆನ್ನಿನ ಆಕಾರ ಇದ್ದ ಹಾಗೆ ಕಂಡಿತು, ಮತ್ತೆ ನೋಡಿದರೆ ಅದೂ ಇರಲಿಲ್ಲ.

ಶರ್ಮಿಳಾ ಐಸಿನ ಪೆಟ್ಟಿಗೆಯನ್ನು ಒದ್ದಳು. ಐಸೆಲ್ಲ ಅಂಗಳದಲ್ಲಿ ಚೆಲ್ಲಿತು. ತುಷಾರನಿಗೆ ಬೈದಳು, ಅವನ ಏಸಿಗೆ ಬೈದಳು, ಪುಡಿ ಕಳಿಸಿದವರಿಗೆ, ಊರಿನ ಸೆಕೆಗೆ, ಮೂರು ಸಲ ಎಚ್ಚರಿಸಿದ ಇಸಿದೋರ್ ಅಂಕಲಿಗೂ ಬೈದಳು. ಬೈಯಲು ಇನ್ನು ಯಾರೂ ಉಳಿಯದಿದ್ದಾಗ ಬಾವಿಕಟ್ಟೆಯ ಮೇಲೆ ಕುಳಿತು ಅತ್ತಳು.

ಸ್ವರ್ಣಲತಾ ಬುಟ್ಟಿ ಇಳಿಸಿ ಬಂದವಳು ಚೆಲ್ಲಿದ ಐಸನ್ನೂ ಮಗಳ ಮುಖವನ್ನೂ ನೋಡಿದಳು. ಏನು ಮಾಡಿದೆ, ಹೇಗೆ ಮಾಡಿದೆ ಎಂದು ಮೊದಲಿನಿಂದ ಹೇಳಿಸಿದಳು. ಮದ್ದಿಗೆ ಸೀದಾ ಐಸು ಹಾಕಿದೆ ಎಂಬಲ್ಲಿಗೆ ಬಂದಾಗ ಅವಳು ಹಣೆ ಚಚ್ಚಿಕೊಂಡಳು.

“ಬೊಂಡಾಸ್ ಮೀನಿಗೆ ಯಾರಾದ್ರೂ ಸೀದಾ ಐಸ್ ಹಾಕ್ತಾರಾ? ಐಸಿನ ನೀರು ತಾಗಿದ್ರೆ ಅದರ ಬಣ್ಣವೂ ಹೋಯ್ತು, ರುಚಿಯೂ ಹೋಯ್ತು. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ ಐಸಿನ ಮಧ್ಯ ಇಡುದಲ್ವಾ? ಇಷ್ಟು ವರ್ಷ ಐಸಿನ ಒಟ್ಟಿಗೆ ಇದ್ದು ನೀನು ಕಲ್ತದ್ದು ಎಂತ, ಚೀಟಿ ಹರಿಲಿಕ್ಕೆ ಮಾತ್ರವಾ?”

ಕರಗಿದ ಐಸು ನೀರಾಗಿ ಮದ್ದನ್ನು ತೆಳ್ಳಗೆ ಮಾಡಿತ್ತು, ಜತೆಗೆ ಅತಿ ತಣ್ಣಗಾಗಿ ಮದ್ದಿನ ಶಕ್ತಿಯೇ ಸತ್ತಿತ್ತು. ಪುಸ್ತಕ ಓದಿ ತಿಳಿಯಬೇಕಾದದ್ದನ್ನು ಅಮ್ಮ ಬೊಂಡಾಸಿನಿಂದ ತಿಳಿದಿದ್ದಳು. ಹೋದ ಚಿತ್ರಗಳಿಗಾಗಿ ಸ್ವರ್ಣಲತಾ ಬೈಯಲಿಲ್ಲ. ಆ ಜಾಗ ತನಗೆ ನೆನಪುಂಟಲ್ಲ ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋದಳು. ಆದರೆ ಶರ್ಮಿಳಾಳಿಗೆ ಆ ರಾತ್ರಿ ಊಟ ಸೇರಲಿಲ್ಲ. ಶೆಡ್ಡಿನಲ್ಲಿ ಕುಳಿತ ಅಮ್ಮ ಈ ಭೂಮಿಯ ಮೇಲೆ ಇನ್ನು ಉಳಿದಿರುವುದು ಒಂದೇ ಕಡೆ, ತುಷಾರನ ಫೈಲಿನಲ್ಲಿ. ಮೊದಲು ಆ ನೆಗೆಟಿವ್ ಕೇಳಿದ್ದು ಬರೀ ಹಟಕ್ಕೆ. ಈಗ ಅದು ಸಿಗದಿದ್ದರೆ ಏನೂ ಇಲ್ಲ.

ಮರುದಿನವೇ ಅವಳು ಕ್ಯಾಮೆರಾಕ್ಕೆ ಇನ್ನೊಂದು ರೀಲು ಹಾಕಿದಳು. ಬೆಕ್ಕು, ಬಾವಿಕಟ್ಟೆ, ಬಂದರಿನ ಕ್ರೇನು, ಒಣಗಲು ಹಾಕಿದ ಬಲೆ, ಕೈಗೆ ಸಿಕ್ಕಿದ್ದನ್ನೆಲ್ಲ ತೆಗೆದು ಎರಡು ದಿನದಲ್ಲಿ ಮುಗಿಸಿದಳು. ಈ ಸಲ ತೊಳೆಯುವಾಗ ಅಮ್ಮ ಪಕ್ಕದಲ್ಲೇ ಮಣೆ ಹಾಕಿ ಕುಳಿತಿದ್ದಳು. ಡೆವಲಪರ್ ಬಾಟಲಿ, ಹೈಪೋ ಬಾಟಲಿ, ಡಬ್ಬಿ ಮೂರನ್ನೂ ತೊಟ್ಟೆಯಲ್ಲಿ ಕಟ್ಟಿ ಐಸು ನೀರಿನ ಬೋಗುಣಿಯಲ್ಲಿ ಇಟ್ಟರು. ಥರ್ಮಾಮೀಟರು ಇಪ್ಪತ್ತಕ್ಕೆ ಬಂದ ಕೂಡಲೇ ಹೊರಗೆ, ಇಪ್ಪತ್ತೊಂದಾದರೆ ಮತ್ತೆ ಒಳಗೆ. ಸ್ವರ್ಣಲತಾ ಗಡಿಯಾರ ನೋಡಿ ನಿಮಿಷ ಕೂಗುತ್ತಿದ್ದಳು, ಮಗಳ ಕೈ ಐಸಿನ ಕಡೆ ಹೋದರೆ ಹೊಡೆಯುತ್ತಿದ್ದಳು. ಹಗ್ಗಕ್ಕೆ ನೇತುಹಾಕಿದ ರೀಲಿನಲ್ಲಿ ಬೆಕ್ಕಿನ ಮೀಸೆಯ ಒಂದೊಂದು ಕೂದಲೂ ಕಂಡಿತು. ಶರ್ಮಿಳಾ ನಗಲಿಲ್ಲ. ಅವಳಿಗೆ ಶೆಡ್ಡಿನ ರೀಲು ಮತ್ತೊಮ್ಮೆ ನೆನಪಾಗಿ ಕೋಪವೇ ಬಂತು.

ಪ್ರದರ್ಶನದ ಕೊನೆಯ ಭಾನುವಾರ ತಾಯಿ ಮಗಳು ದೇರೆಬೈಲಿಗೆ ಹೊರಟರು. ಸ್ವರ್ಣಲತಾ ಮದುವೆ ಮನೆಗೆ ಉಡುವ ನೀಲಿ ಸೀರೆ ಉಟ್ಟು, ಮಲ್ಲಿಗೆ ಮುಡಿದಿದ್ದಳು. ತನ್ನ ದೊಡ್ಡ ಫೋಟೋ ನೋಡುವ ಉಮೇದು ಅವಳದ್ದು. ಶರ್ಮಿಳಾಳ ಚೀಲದಲ್ಲಿ ತೊಳೆದ ರೀಲು, ತಲೆಯಲ್ಲಿ ಎರಡು ವಾರ ಮಸೆದ ಮಾತು.

ಒಳಗೆ ಇಪ್ಪತ್ತು ಮಂದಿಯಿದ್ದರು. ಸ್ವರ್ಣಲತಾ ತನ್ನ ಫೋಟೋದ ಎದುರು ಹೋಗಿ ನಿಂತು ಬಾಯಿ ಮುಚ್ಚಿಕೊಂಡು ನಕ್ಕಳು. ಜನ ಒಮ್ಮೆ ಗೋಡೆಯನ್ನು, ಒಮ್ಮೆ ಅವಳನ್ನು ನೋಡಿ ಸುತ್ತ ಸೇರಿದರು. ಶರ್ಮಿಳಾ ತುಷಾರನ ಮೇಜಿನ ಮೇಲೆ ರೀಲು ಇಟ್ಟಳು. ಅವನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ತೊಳೆದದ್ದು ಸರಿಯಾಗಿದೆ ಎಂದು ಒಪ್ಪಿಕೊಂಡ, ಮನೆಗೆ ಏಸಿ ಹಾಕಿಸಿದಿರಾ ಎಂದು ಕೇಳಿದ. ಐಸುಂಟು ಎಂದಳು. ಹಾಗಾದರೆ ನೆಗೆಟಿವ್ ಕೊಡಿ ಎಂದಾಗ ಅವನು ಮತ್ತೆ ತನ್ನ ನಿಯಮ ತೆಗೆದ. ಮಾತಾಡುವ ಅಂದದ್ದು, ಕೊಡ್ತೇನೆ ಅಂದದ್ದಲ್ಲ ಎಂದ. ಕ್ಲಬ್ಬಿನ ಕೆಲಸ ಎಲ್ಲರದ್ದು, ಇಂಥದ್ದು ಇಂಥವರೇ ತೆಗೆದದ್ದು ಎಂದು ಇಷ್ಟು ದಿನದ ಮೇಲೆ ಹೇಗೆ ಹೇಳುವುದು ಎಂದ.

ಎರಡು ವಾರದಿಂದ ಹೊಟ್ಟೆಯಲ್ಲಿ ಕುಳಿತಿದ್ದದ್ದು ಆಗ ಬಾಯಿಗೆ ಬಂತು.

“ರೀಲು ಕೊಡುವಾಗ ಚೀಟಿ ಬರೆಸ್ತೀರಲ್ಲಾ ನೀವು? ತೆಗೆದದ್ದು ಯಾರು, ಎಲ್ಲಿ, ಎಂತದ್ದು ಅಂತ? ಅದು ನೆಗೆಟಿವಿನ ಒಟ್ಟಿಗೇ ಉಂಟು. ತೆಗೀರಿ ಹೊರಗೆ. ಇವರೆಲ್ಲರ ಎದುರು ಓದಿ. ಕಳ್ಳತನಕ್ಕೆ ನಿಯಮ ಅಂತ ಹೆಸರಿಡ್ಬೇಡಿ.”

ತುಷಾರನ ಮುಖ ಮೊದಲ ಸಲ ಕೆಂಪಾಯಿತು. ಅವನ ತಾಯಿ ಶಶಿಪ್ರಭಾ, ಮೇಲಿನ ಅಂತಸ್ತಿನಿಂದ ಚಹಾ ಕೊಡಲೆಂದು ಬಂದವರು, ಬಾಗಿ ಮೇಜಿನ ಕೆಳಗಿದ್ದ ಫೈಲನ್ನು ತಾವೇ ಎತ್ತಿದರು. ಬೇಡ ಮಮ್ಮಿ ಎಂದ ಮಗನ ಮಾತು ಅವರಿಗೆ ಕೇಳಿಸಿದಂತೆ ಕಾಣಲಿಲ್ಲ. ಹಾಳೆ ಮಗುಚಿ, ನವೆಂಬರಿನ ಕವರು ಹುಡುಕಿ, ಅದಕ್ಕೆ ಪಿನ್ನು ಹಾಕಿದ್ದ ಚೀಟಿಯನ್ನು ಕನ್ನಡಕ ಸರಿಮಾಡಿಕೊಂಡು ಎಲ್ಲರಿಗೂ ಕೇಳುವ ಹಾಗೆ ಓದಿದರು.

“ತೆಗೆದವರು, ಶರ್ಮಿಳಾ. ಸ್ಥಳ, ಬಂದರಿನ ಮೀನು ಶೆಡ್ಡು. ವಿಷಯ, ಅಪರಿಚಿತ ಮೀನುಗಾರ್ತಿ.”

ಅಪರಿಚಿತ ಎಂಬ ಪದ ಕಿವಿಗೆ ಬಿದ್ದಾಗಲೇ ಶರ್ಮಿಳಾಳಿಗೆ ಆ ದಿನ ನೆನಪಾದದ್ದು. ಈ ಮೇಜಿನ ಸುತ್ತಲೇ ಎಲ್ಲರೂ ಚೀಟಿ ಬರೆಯುತ್ತಿದ್ದರು. ಡಾಕ್ಟರು ತನ್ನ ಅಪ್ಪನ ಕ್ಲಿನಿಕ್ಕಿನ ಫೋಟೋ, ನಕ್ಷೆಯವರು ಅಜ್ಜನ ಬಂಗಲೆಯ ಫೋಟೋ. ನಿಮ್ಮದರಲ್ಲಿ ಯಾರು ಎಂದು ಪಕ್ಕದವಳು ಕೇಳಿದ್ದಳು. ಸುಮ್ಮನೆ, ಯಾರೋ ಮೀನಿನವಳು ಎಂದು ಹೇಳಿ, ಹೇಳಿದ್ದನ್ನೇ ಬರೆದಿದ್ದಳು. ಯಾರೂ ಬಲವಂತ ಮಾಡಿರಲಿಲ್ಲ. ತುಷಾರ್ ಅವಳ ಹೆಸರನ್ನು ನುಂಗಿದ್ದು ಆಮೇಲೆ. ಅಮ್ಮನ ಹೆಸರನ್ನು ಅವಳೇ ಮೊದಲು ನುಂಗಿಯಾಗಿತ್ತು.

ಸ್ವರ್ಣಲತಾ ಶಾಲೆಗೆ ಹೋದದ್ದು ನಾಲ್ಕನೇ ಕ್ಲಾಸಿನವರೆಗೆ. ಅವಳು ಶಶಿಪ್ರಭಾರ ಹತ್ತಿರ ಹೋಗಿ ಮೆಲ್ಲಗೆ ಕೇಳಿದಳು.

“ಅಪರಿಚಿತ ಅಂದ್ರೆ ಎಂತ ಅಕ್ಕ?”

ಶಶಿಪ್ರಭಾ ಗೋಡೆಯನ್ನು ನೋಡಿದರು, ಎದುರು ನಿಂತವಳನ್ನು ನೋಡಿದರು, ಶರ್ಮಿಳಾಳನ್ನು ನೋಡಿದರು. ಅವರಿಗೆ ಎಲ್ಲವೂ ತಿಳಿದುಹೋಯಿತು. ಸುಳ್ಳು ಹೇಳಲು ಅವರಿಗೆ ಬರಲಿಲ್ಲ.

“ಗುರ್ತ ಇಲ್ಲದವರು ಅಂತ,” ಎಂದರು.

ಸ್ವರ್ಣಲತಾ ತಲೆಯಾಡಿಸಿದಳು. ಮತ್ತೆ ಫೋಟೋದ ಕಡೆ ತಿರುಗಲಿಲ್ಲ. ಶಶಿಪ್ರಭಾ ಕವರನ್ನು ಶರ್ಮಿಳಾಳ ಕೈಗೆ ಕೊಟ್ಟು, ಗೋಡೆಯ ಪಟ್ಟಿಯಲ್ಲಿ ಅವಳ ಹೆಸರು ಈಗಲೇ ಬರೆಯಬೇಕೆಂದು ಮಗನಿಗೆ ಗಟ್ಟಿಯಾಗಿಯೇ ಹೇಳಿದರು. ತುಷಾರ್ ಪೆನ್ನು ಹುಡುಕಿದ. ಶರ್ಮಿಳಾಳಿಗೆ ಬೇಕಾದದ್ದೆಲ್ಲ ಸಿಕ್ಕಿತ್ತು. ಅಮ್ಮ ಆಗಲೇ ಗೇಟು ದಾಟಿ ರಸ್ತೆಗಿಳಿದಿದ್ದಳು.

ಕೊಟ್ಟಾರ ಚೌಕಿಯವರೆಗೆ ಸ್ವರ್ಣಲತಾ ಮುಂದೆ, ಶರ್ಮಿಳಾ ಹಿಂದೆ ನಡೆದರು. ಬೈದಿದ್ದರೆ ಸುಖವಿತ್ತು. ಗಿರಾಕಿಗೆ ಬೈಯುವ ಹಾಗೆ ರಸ್ತೆಯ ನಡುವೆ ನಿಂತು ಬಾಯಿಗೆ ಬಂದದ್ದು ಬೈದಿದ್ದರೆ ಶರ್ಮಿಳಾ ತಲೆತಗ್ಗಿಸಿ ಕೇಳುತ್ತಿದ್ದಳು. ತುಷಾರನ ಮೇಲಿದ್ದ ಕೋಪವೆಲ್ಲ ಈಗ ತಿರುಗಿ ಶರ್ಮಿಳಾಳ ಮೇಲೆಯೇ ಬಿದ್ದಿತ್ತು, ಮತ್ತು ತನ್ನನ್ನು ತಾನು ಬೈದುಕೊಳ್ಳುವುದು ಅವಳಿಗೆ ಅಭ್ಯಾಸವಿರಲಿಲ್ಲ. ಅಮ್ಮಾ ಎಂದು ಎರಡು ಸಲ ಕರೆದಳು. ಮುಂದಿನ ನೀಲಿ ಸೀರೆ ನಿಲ್ಲಲಿಲ್ಲ.

ಸುರತ್ಕಲ್ ಬಸ್ಸು ಬಂತು. ಸ್ವರ್ಣಲತಾ ಕಿಟಕಿಯ ಬದಿ ಕುಳಿತಳು, ಶರ್ಮಿಳಾ ಪಕ್ಕದಲ್ಲಿ ಕುಳಿತಳು. ಕವರು ಅವಳ ಮಡಿಲಲ್ಲಿತ್ತು. ಕಂಡಕ್ಟರು ಬಂದಾಗ ಸ್ವರ್ಣಲತಾ ಸೆರಗಿನ ಗಂಟು ಬಿಚ್ಚಿ ಚಿಲ್ಲರೆ ಕೊಟ್ಟು, ಒಂದು ಪಣಂಬೂರು ಎಂದಳು. ಕಂಡಕ್ಟರು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದ. ಒಂದೇ ಅಚ್ಚಿನ ಮುಖಗಳು, ತಾಯಿ ಮಗಳೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಒಂದಾ? ಇವರು ನಿಮ್ಮ ಒಟ್ಟಿಗೆ ಅಲ್ವಾ?”

“ಗುರ್ತ ಇಲ್ಲ,” ಎಂದು ಸ್ವರ್ಣಲತಾ ಹೊರಗೆ ನೋಡತೊಡಗಿದಳು.

ಕಂಡಕ್ಟರು ಶರ್ಮಿಳಾಳ ಕಡೆ ಕೈ ಚಾಚಿದ. ಅವಳು ಚೀಲದಲ್ಲಿ ಚಿಲ್ಲರೆ ಹುಡುಕಿ ತನ್ನ ಟಿಕೆಟು ತೆಗೆದುಕೊಂಡಳು.